ಎರಡು ಟಕ್ಸ್

ಕೊಳೆಯಲು ಶುರುವಾದ ಹಣ್ಣಿನ ಸಿಹಿ ವಾಸನೆ ಅದು. ಅವಳಿಗೆ ಏಳು ವರ್ಷವಿದ್ದಾಗ ಅಪ್ಪನ ಕಾಲಿಗೆ ತಗಡು ಕೊಯ್ದು ಗಾಯವಾಗಿತ್ತು. ‘ಇದೇನು ಮಹಾ’ ಎಂದು ಅಪ್ಪ ಹಳೇ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಐದನೆಯ ದಿನವೋ ಆರನೆಯ ದಿನವೋ ಕೋಣೆಯಲ್ಲಿ ಆ ವಾಸನೆ ಹುಟ್ಟಿತು. ಮೊದಲು ಪತ್ತೆ ಮಾಡಿದವಳು ಅವಳೇ. ಮಂಚದ ಕೆಳಗೆ ಯಾರೋ ಹಣ್ಣು ಬಚ್ಚಿಟ್ಟಿದ್ದಾರೆಂದು ಬಾಯಲ್ಲಿ ನೀರೂರಿಸಿಕೊಂಡು ಬಗ್ಗಿ ಹುಡುಕಿದ್ದಳು. ಅಪ್ಪನ ಜೀವ ಉಳಿಯಿತು, ಎರಡು ಬೆರಳು ಉಳಿಯಲಿಲ್ಲ.

ಈಗ ನಲವತ್ತಮೂರನೆಯ ವಯಸ್ಸಿನಲ್ಲಿ ಅವಳು ದಿನಾ ಬೆಳಿಗ್ಗೆ ಎದ್ದ ಕೂಡಲೇ ಅಂಗಿಯ ಕೊರಳು ಎತ್ತಿ, ಗಲ್ಲವನ್ನು ಎದೆಗೊತ್ತಿ ಮೂಸಿ ನೋಡುತ್ತಿದ್ದಳು. ಶಸ್ತ್ರಚಿಕಿತ್ಸೆಯಾಗಿ ಅಂದಿಗೆ ಆರನೆಯ ದಿನ. ವಾಸನೆಯೇನೂ ಇರಲಿಲ್ಲ, ಔಷಧಿಯ ಘಾಟು, ಬೆವರು, ಅಷ್ಟೆ. ಆದರೆ ಆಸ್ಪತ್ರೆಯವರು ತೊಡಿಸಿದ್ದ ಬಿಗಿ ಬ್ರಾದ ಎಡಗಡೆ, ಕೆಳ ಅಂಚಿನಲ್ಲಿ, ಕೋಟಿನ ಗುಂಡಿಯಷ್ಟಗಲದ ಒದ್ದೆ ಕಲೆ ಕಂಡಿತು. ತಿಳಿ ಹಳದಿ, ನಡುವೆ ಚೂರು ಕೆಂಪು. ಬೆರಳಿಟ್ಟು ನೋಡಿದಳು. ಬಲಗಡೆ ತಣ್ಣಗಿತ್ತು. ಎಡಗಡೆ ಈಗಷ್ಟೇ ಇಸ್ತ್ರಿ ಮಾಡಿ ಮಡಿಸಿಟ್ಟ ಬಟ್ಟೆಯಂತೆ ಬಿಸಿ.

ಬೀದಿಯವರೆಲ್ಲ ಅವಳನ್ನು ಟೇಪಕ್ಕ ಎನ್ನುತ್ತಿದ್ದರು. ಕೊರಳಲ್ಲಿ ಅಳತೆಯ ಟೇಪಿಲ್ಲದೆ ಅವಳನ್ನು ಕಂಡವರಿಲ್ಲ. ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ: ಎರಡು ಮಿಷನ್ನು, ಒಂದು ಉದ್ದ ಕನ್ನಡಿ, ಪರದೆ ಎಳೆದ ಒಂದು ಮೂಲೆ. ಆ ಪರದೆಯ ಹಿಂದೆ ಹೆಂಗಸರು ತಮ್ಮ ಮೈಯನ್ನು ತಾವೇ ಬೈದುಕೊಳ್ಳುವುದನ್ನು ಇಪ್ಪತ್ತು ವರ್ಷದಿಂದ ಕೇಳಿದ್ದಳು. ‘ಮೈ ಹೇಗಾದ್ರೂ ಇರ್ಲಿ, ಅಳತೆ ನನಗೆ ಬಿಡಿ’ ಎನ್ನುತ್ತಿದ್ದಳು. ಅವರು ನಗುತ್ತ ಹೋಗುತ್ತಿದ್ದರು. ತನ್ನ ಅಳತೆಯ ಮಾತನ್ನು ಮಾತ್ರ ಅವಳು ಯಾರ ಮುಂದೆಯೂ ಎತ್ತಿರಲಿಲ್ಲ. ಹದಿನಾರರಲ್ಲಿ ಹಲಗೆಯಂತಿದ್ದ ಎದೆ ನಲವತ್ತಮೂರರಲ್ಲೂ ಹಾಗೇ ಇತ್ತು. ಕತ್ತರಿಸಿ ಉಳಿದ ಚೂರುಬಟ್ಟೆಯನ್ನು ಮಡಿಸಿ ಮಡಿಸಿ ರವಿಕೆಯ ಒಳಗೆ ಹೊಲಿದುಕೊಂಡು ಇಷ್ಟು ಕಾಲ ದೂಡಿದ್ದಳು. ಯಾರನ್ನೋ ಮೆಚ್ಚಿಸಲಿಕ್ಕೆಂದು ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದಲ್ಲ. ಮದುವೆಯ ಮಾತು ತಣ್ಣಗಾಗಿಯೇ ಎಷ್ಟೋ ವರ್ಷವಾಗಿತ್ತು. ಸ್ನಾನ ಮಾಡಿ ಕನ್ನಡಿಯ ಮುಂದೆ ನಿಂತಾಗ ಕಣ್ಣು ತಪ್ಪಿಸದೆ ಒಮ್ಮೆ ನೋಡಿಕೊಳ್ಳಬೇಕು, ಅಷ್ಟೇ ಆಸೆ.

ಇದನ್ನು ಅತ್ತಿಗೆಗೆ ಹೇಳುವುದು ಹೇಗೆ? ಅಣ್ಣ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದದ್ದು ಇವರಿಬ್ಬರೇ. ಅತ್ತಿಗೆ ಶಿಶುವಿಹಾರದಲ್ಲಿ ಆಯಾ. ಮೂರು ವರ್ಷದ ಮಕ್ಕಳ ಮೂಗು ಒರೆಸಿ ಒರೆಸಿ, ಲೋಕದವರನ್ನೆಲ್ಲ ಮೂರು ವರ್ಷದವರೆಂದೇ ತಿಳಿದಿದ್ದ ಜೀವ. ‘ಎದೇಲಿ ಸಣ್ಣ ಗಂಟಿದೆಯಂತೆ ಅತ್ತಿಗೆ, ತೆಗೀತಾರಂತೆ’ ಎಂದುಬಿಟ್ಟಿದ್ದಳು. ಅಂದಮೇಲೆ ನೆನಪಾಯಿತು, ಅಣ್ಣನನ್ನು ಕೊಂಡೊಯ್ದದ್ದೂ ಗಂಟಲಿನ ಒಂದು ಗಂಟೇ ಎಂದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಜೊತೆಗೆ ಬಂದೇ ತೀರುತ್ತೇನೆಂದು ಅತ್ತಿಗೆ ಹಟ ಹಿಡಿದಾಗ, ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಒಬ್ಬಳೇ ಹೋಗಿ, ಮರುದಿನ ಆಸ್ಪತ್ರೆಯ ಗಾಡಿಯಲ್ಲಿ ಬಂದಿಳಿದಿದ್ದಳು.

ಬೈಯುತ್ತಾರೆಂದುಕೊಂಡಿದ್ದಳು. ಅತ್ತಿಗೆ ಬೈಯಲಿಲ್ಲ. ಶಿಶುವಿಹಾರಕ್ಕೆ ರಜೆ ಹಾಕಿದರು. ಬೆನ್ನಿಗೆ ನಾಲ್ಕು ದಿಂಬು ಪೇರಿಸಿ ಒರಗಿಸಿದರು. ಕೈ ಮೇಲೆತ್ತಬಾರದೆಂದಿದ್ದರಿಂದ ದಿನಾ ತಲೆ ಬಾಚಿದರು. ಬಾಗಿಲು ಕಿರುಗುಟ್ಟಿದರೆ ಅವಳಿಗೆ ಎಚ್ಚರವಾಗುತ್ತದೆಂದು ತಿರುಗಣಿಗೆ ಎಣ್ಣೆ ಬಿಟ್ಟರು. ಒಂದೊಂದು ಉಪಕಾರವೂ ಅವಳಿಗೆ ಉಗುರಿನ ಸಂದಿಗೆ ಸೂಜಿ ಹೊಕ್ಕಂತೆ ಆಗುತ್ತಿತ್ತು.

ಇನ್ನೊಂದು ತಪ್ಪಿತ್ತು, ಅದು ಅವಳಿಗೊಬ್ಬಳಿಗೇ ಗೊತ್ತು. ಆಸ್ಪತ್ರೆಯಿಂದ ಹೊರಡುವಾಗ ದಪ್ಪ ಕನ್ನಡಕದ ಸಿಸ್ಟರ್ ಬೆರಳು ಮಡಿಸಿ ಮಡಿಸಿ ಹೇಳಿದ್ದರು: “ಹಗಲೂ ರಾತ್ರಿ ಈ ಬ್ರಾ ಹಾಕಿರ್ಬೇಕು. ಭಾರ ಎತ್ತಬಾರದು. ಊತ ಎರಡೂ ಕಡೆ ಒಂದೇ ಸಮ ಇಳಿಯೊಲ್ಲ, ಹೆದರ್ಬೇಡಿ. ಒಂದೇ ಪಾತ್ರೆ ಅನ್ನದಲ್ಲೂ ಒಂದಗುಳು ಮೊದಲು ಬೇಯುತ್ತೆ, ಇನ್ನೊಂದು ಆಮೇಲೆ.”

ಅವಳು ತಲೆಯಾಡಿಸಿದ್ದಳು. ಆದರೆ ಕೈ ಕೇಳಬೇಕಲ್ಲ! ಮೂರನೆಯ ದಿನವೇ ಟೇಪು ತೆಗೆದು ಕೊರಳ ಎಲುಬಿನಿಂದ ಕೆಳಕ್ಕೆ ಅಳೆದಳು. ಎಡಕ್ಕೂ ಬಲಕ್ಕೂ ಮುಕ್ಕಾಲು ಇಂಚು ವ್ಯತ್ಯಾಸ. ಮಧ್ಯಾಹ್ನ ಮತ್ತೆ ಅಳೆದಳು, ಸಂಜೆ ಮತ್ತೆ. ಎಡಗಡೆ ಬ್ರಾದ ಕೆಳ ಅಂಚು ಸುಕ್ಕು ಬಿದ್ದು ಸಡಿಲವಾಗಿ ನಿಂತದ್ದು ಕಣ್ಣಿಗೆ ಬಿದ್ದ ಕಸದಂತೆ ಕಾಡಿತು. ಬೇರೆಯವರಾಗಿದ್ದರೆ ಸಿಸ್ಟರಿಗೆ ಫೋನ್ ಮಾಡುತ್ತಿದ್ದರು. ಅವಳು ಟೈಲರು. ನಾಲ್ಕನೆಯ ದಿನ ಅತ್ತಿಗೆ ಸ್ನಾನಕ್ಕೆ ಹೋದ ಸಮಯ ನೋಡಿ, ಅದನ್ನು ಬಿಚ್ಚಿ, ಒಳಮಗ್ಗುಲು ತಿರುಗಿಸಿ, ರವಿಕೆಯನ್ನು ಮೈಗೆ ಹೊಂದಿಸಲು ಮಡಿಕೆ ಹಿಡಿಯುತ್ತಾರಲ್ಲ, ಅಂಥ ಎರಡು ಟಕ್ಸ್ ಹಿಡಿದಳು. ಎರಡೆಳೆ ದಾರ, ಕೈಹೊಲಿಗೆ. ಮತ್ತೆ ತೊಟ್ಟಾಗ ಅಚ್ಚು ಹೊಯ್ದಂತೆ ಕೂತಿತು. ಎಷ್ಟೋ ದಿನದ ಮೇಲೆ ಮನಸ್ಸಿಗೆ ಹಾಯೆನಿಸಿತು.

ಐದನೆಯ ದಿನ ನವೆ ಶುರುವಾಯಿತು. ಆರನೆಯ ದಿನ ಈ ಕಲೆ.

ಅವಳು ಅಂಗಿ ಎಳೆದುಕೊಳ್ಳುವಷ್ಟರಲ್ಲಿ ಅತ್ತಿಗೆ ನೀರಿನ ಲೋಟ, ಮಾತ್ರೆ ಹಿಡಿದು ಬಂದರು.

“ಎದ್ದಳಾ ಮಹಾರಾಣಿ? ಬಾಯಿ ತೆಗಿ. ಹ್ಞೂಂ, ನುಂಗು. ಮುಖ ಸಿಂಡರಿಸಿದ್ರೆ ಮೂಲೇಲಿ ನಿಲ್ಲಿಸ್ತೀನಿ.”

“ನಾನೇನು ನಿಮ್ಮ ಶಿಶುವಿಹಾರದ ಮಗುನಾ ಅತ್ತಿಗೆ?”

“ಅವೇ ವಾಸಿ. ನೋವಾದ್ರೆ ನಾಲ್ಕು ಬೀದಿಗೆ ಕೇಳೋ ಹಾಗೆ ಅಳ್ತಾವೆ. ನೀನೋ, ಬೀಗ ಹಾಕಿದ ಪೆಟ್ಟಿಗೆ.” ಅತ್ತಿಗೆ ಹಣೆ ಮುಟ್ಟಿದರು. ಮುಟ್ಟಿದ ಕೈ ಅಲ್ಲೇ ನಿಂತಿತು. “ಏನೇ ಇದು? ಮೈ ಬೆಚ್ಚಗಿದೆ.”

“ಸೆಖೆಗೆ.”

“ಕಿಟಕಿ ತೆಗೆದಿದೆ, ಫ್ಯಾನ್ ತಿರುಗ್ತಿದೆ, ಎಲ್ಲಿಂದ ಬಂತು ಸೆಖೆ? ಡಾಕ್ಟ್ರ ನಂಬರ್ ಕೊಡು, ನಾನು ಮಾತಾಡ್ತೀನಿ.”

“ಬೇಡ ಅತ್ತಿಗೆ. ಏನಿಲ್ಲ.”

ಆ ‘ಏನಿಲ್ಲ’ ಕೇಳಿದ್ದೇ ತಡ, ಅತ್ತಿಗೆ ಮಂಚದ ಅಂಚಿನಲ್ಲಿ ಕೂತರು.

“ನಿಮ್ಮಣ್ಣನೂ ಇದೇ ಹೇಳ್ತಿದ್ರು,” ಎಂದರು. “ಏನಿಲ್ಲ ಕಣೇ, ಏನಿಲ್ಲ ಕಣೇ ಅಂತ ನಾಲ್ಕು ತಿಂಗಳು. ನಾನೂ ನಂಬಿದೆ, ಪೆದ್ದಿ. ಈಗ ಆರು ದಿನದಿಂದ ಸರಿಯಾಗಿ ಕಣ್ಣು ಮುಚ್ಚಿಲ್ಲ ನಾನು, ಗೊತ್ತಾ? ನಿನ್ನ ಉಸಿರು ಕೇಳಿಸ್ಕೊಂಡು ಬಿದ್ದಿರ್ತೀನಿ. ಆ ಗಂಟಿನ ರಿಪೋರ್ಟು ಯಾವಾಗ ಬರುತ್ತೆ ಅಂತ ಕೇಳೋಕೂ ಬಾಯಿ ಬರ್ತಿಲ್ಲ ನಂಗೆ.”

ಅತ್ತ ದರಿ, ಇತ್ತ ಪುಲಿ. ಆಸ್ಪತ್ರೆಗೆ ಹೋದರೆ ಸುಳ್ಳು ಬಯಲಾಗುತ್ತದೆ. ಹೋಗದಿದ್ದರೆ? ಒಳಗೆ ಕೀವಾದರೆ, ಎದೆ ತುಂಬಲು ಇಟ್ಟದ್ದನ್ನು ತೆಗೆಯಬೇಕಾಗಬಹುದು ಎಂದು ಸಹಿ ಹಾಕಿದ ಕಾಗದದಲ್ಲಿ ಓದಿದ್ದಳು. ನಂಜು ರಕ್ತಕ್ಕೇರಿದರೆ ಜೀವಕ್ಕೂ ಅಪಾಯ ಎಂದು ಅದರ ಕೆಳಗಿನ ಸಾಲಿನಲ್ಲಿತ್ತು. ಸಹಿ ಹಾಕುವಾಗ ಬೇರೆ ಯಾರಿಗೋ ಬರೆದದ್ದೆಂಬಂತೆ ಆ ಸಾಲನ್ನು ದಾಟಿದ್ದಳು. ಈಗ ಅದು ಅಕ್ಷರ ಅಕ್ಷರವಾಗಿ ನೆನಪಿಗೆ ಬಂತು. ಎದೆ ಡವಗುಟ್ಟಿದ ಹಾಗೆಲ್ಲ ಆ ಜಾಗವೂ ಮಿಡಿಯುತ್ತಿತ್ತು.

“ಅತ್ತಿಗೆ,” ಎಂದಳು, “ಗಾಯ ಸೋರ್ತಿದೆ. ಆಸ್ಪತ್ರೆಗೆ ಹೋಗೋಣ.”

ಅತ್ತಿಗೆ ಆಗಲೇ ಫೋನ್ ಕೈಗೆತ್ತಿಕೊಂಡಿದ್ದರು. ಐದೇ ನಿಮಿಷದಲ್ಲಿ ಬಾಡಿಗೆ ಕಾರು ಬಾಗಿಲಲ್ಲಿತ್ತು. ಅವಳು ದಿಂಬೊಂದನ್ನು ಎದೆಗವಚಿಕೊಂಡು ಕೂತದ್ದನ್ನು ಚಾಲಕ ಕನ್ನಡಿಯಲ್ಲಿ ನೋಡಿದ. ಅಲ್ಲಿಂದ ಮುಂದೆ ರಸ್ತೆಯ ಒಂದೊಂದು ಉಬ್ಬಿಗೂ “ಈಗ ಬಂತು ತಾಯಿ, ಹಿಡ್ಕೊಳ್ಳಿ” ಎಂದು ಮುಂಚೆಯೇ ಹೇಳಿ, ಬಸವನಹುಳುವಿನಂತೆ ದಾಟಿಸಿದ. ಹಿಂದಿನ ಬಸ್ಸು ಹಾರ್ನ್ ಮಾಡಿ ಮಾಡಿ ಸುಸ್ತಾಯಿತು, ಅವನು ಜಗ್ಗಲಿಲ್ಲ.

ಆಸ್ಪತ್ರೆಯಲ್ಲಿ ಕಾಯುವವರಿಗೆಂದು ಗೋಡೆಗೊರಗಿಸಿದ ಕುರ್ಚಿಗಳ ಸಾಲಿತ್ತು. ಅವರ ಮುಂದೆ ಇನ್ನೊಬ್ಬರೇ ಇದ್ದರು. ಆ ಒಬ್ಬರು ಒಳಗೆ ಹೋದರು. ಇನ್ನು ತಡಮಾಡಿದರೆ ಸಿಸ್ಟರಿನ ಬಾಯಿಂದಲೇ ಅತ್ತಿಗೆಗೆ ಗೊತ್ತಾಗುತ್ತದೆ.

“ಅತ್ತಿಗೆ, ಗಂಟು ಇರ್ಲಿಲ್ಲ.”

“ಯಾವ ಗಂಟು?”

“ನಂಗೆ. ಎದೇಲಿ. ತೆಗೆಸಿದ್ದಲ್ಲ ಅತ್ತಿಗೆ, ಹಾಕಿಸ್ಕೊಂಡದ್ದು. ಎದೆ ತುಂಬಿಕೊಂಡ ಹಾಗೆ ಕಾಣ್ಲಿ ಅಂತ.”

ಅತ್ತಿಗೆ ಅವಳ ಮುಖವನ್ನೇ ನೋಡಿದರು. ಭಾಷೆ ಬಾರದ ಊರಿನಲ್ಲಿ ದಾರಿ ಕೇಳಿದವರ ಹಾಗೆ.

“ಗಂಟು ಇಲ್ವಾ?”

“ಇಲ್ಲ.”

“ಇರ್ಲೇ ಇಲ್ವಾ?”

“ಇರ್ಲಿಲ್ಲ.”

“ಅವರನ್ನ ಕೊಂದದ್ದನ್ನೇ ಹುಡುಕಿ ತಂದು ನನ್ನ ಮುಂದೆ ಇಟ್ಟೆಯಲ್ಲೇ,” ಎಂದರು ಅತ್ತಿಗೆ. ದನಿ ಏರಲಿಲ್ಲ; ಏರಿದ್ದರೆ ಎಷ್ಟೋ ಚೆನ್ನಾಗಿತ್ತು. “ಬೇರೆ ಸುಳ್ಳು ಸಿಗ್ಲಿಲ್ವಾ ನಿಂಗೆ?”

ಎದ್ದು ಹೋಗಿ, ಉದ್ದನೆಯ ಓಣಿಯ ಕೊನೆಯಲ್ಲಿ ಕುಡಿಯುವ ನೀರಿನ ನಲ್ಲಿಯ ಹತ್ತಿರ ಬೆನ್ನು ತಿರುಗಿಸಿ ನಿಂತರು. ಆಗಲೇ ಸಿಸ್ಟರ್ ಕರೆದರು. ಅವಳು ಒಬ್ಬಳೇ ಒಳಗೆ ಹೋದಳು. ಮೊದಲ ಸಲ ಒಬ್ಬಳೇ ಬಂದಾಗ ಇಂಥ ಒಂಟಿತನ ಇರಲಿಲ್ಲ.

ಸಿಸ್ಟರ್ ಕೈಗವಸು ತೊಟ್ಟ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಮುಂಭಾಗದ ಹುಕ್ಕು ಬಿಚ್ಚಿದರು. ಬಟ್ಟೆಯ ಒಳಮಗ್ಗುಲನ್ನು ಬೆಳಕಿಗೆ ಹಿಡಿದರು. ಕನ್ನಡಕ ಮೇಲಕ್ಕೇರಿತು.

“ಇದೇನಮ್ಮ ಇದು? ಈ ಹೊಲಿಗೆ ಕಂಪನಿದಲ್ಲ.”

“ಸಡಿಲ ಇತ್ತು ಸಿಸ್ಟರ್. ನಾನೇ...”

“ಸಡಿಲ ಇತ್ತು! ಇಷ್ಟು ವರ್ಷದಲ್ಲಿ ಇದನ್ನ ಬಿಚ್ಚಿ ಗೂಟಕ್ಕೆ ನೇತುಹಾಕಿದವರನ್ನ ನೋಡಿದೀನಿ. ಕುದಿಯೋ ನೀರಲ್ಲಿ ಒಗೆದು ಗೊಂಬೆ ಅಂಗಿ ಮಾಡಿದವರನ್ನ ನೋಡಿದೀನಿ. ಟಕ್ಸ್ ಹಿಡಿದವರನ್ನ ಇವತ್ತೇ ನೋಡಿದ್ದು. ಅದೂ ಎಂಥ ಸಣ್ಣ ಹೊಲಿಗೆ, ಬನ್ನಿ ಡಾಕ್ಟ್ರೇ, ನೋಡಿ!”

ಡಾಕ್ಟರಮ್ಮ ನಗಲಿಲ್ಲ. “ಊತಕ್ಕೆ ಜಾಗ ಬೇಕು ಅಂತಲೇ ಅಲ್ಲಿ ಸಡಿಲ ಬಿಟ್ಟಿರೋದು,” ಎಂದರು. “ನಿಮ್ಮ ಮಡಿಕೆ ಸರಿಯಾಗಿ ನನ್ನ ಹೊಲಿಗೆ ಮೇಲೇ ಕೂತಿದೆ. ಎರಡು ದಿನ ಉಜ್ಜಿ ಚರ್ಮ ಕಿತ್ತಿದೆ.”

ಸ್ಕ್ಯಾನಿಗೆ ಮಲಗಿಸಿದರು. ತಣ್ಣನೆಯ ಲೋಳೆ ಸವರಿ, ಕೈಯಲ್ಲಿದ್ದ ಯಂತ್ರವನ್ನು ಪಕ್ಕೆಯ ಗುಂಟ ಮೆಲ್ಲಗೆ ಆಡಿಸಿದರು. ಪರದೆಯ ಮೇಲೆ ಬೂದಿಯ ಬಣ್ಣದ ಮೋಡಗಳು. ಡಾಕ್ಟರಮ್ಮ ಒಂದೇ ಜಾಗಕ್ಕೆ ಎರಡು ಸಲ, ಮೂರು ಸಲ ಬಂದರು. ಅವಳು ಅವರ ಹುಬ್ಬನ್ನೇ ನೋಡುತ್ತಿದ್ದಳು. ಹುಬ್ಬು ಚೂರು ಗಂಟಿಕ್ಕಿದರೂ ಅವಳ ಕಾಲಿನ ಬೆರಳುಗಳು ಮುದುರುತ್ತಿದ್ದವು. ಸಿಸ್ಟರ್ ಅವಳ ಪಾದಗಳ ಮೇಲೆ ಹೊದಿಕೆ ಎಳೆದರು.

“ಒಳಗೆ ಸ್ವಲ್ಪ ನೀರು ಕಾಣ್ತಿದೆ. ಈ ಸಮಯದಲ್ಲಿ ಇಷ್ಟು ಇರೋದುಂಟು. ಕೀವು ಕಾಣ್ತಿಲ್ಲ,” ಎಂದರು ಡಾಕ್ಟರಮ್ಮ. “ಆದ್ರೆ ಜ್ವರ ಇದೆ, ಜಾಗ ಬಿಸಿ ಇದೆ. ನಾನು ಮಾತು ಕೊಡೊಲ್ಲ. ಮೂರು ದಿನ ಔಷಧಿ. ದಿನಾ ಬಂದು ತೋರಿಸ್ಬೇಕು. ಸೋಂಕು ಒಳಗಿಳಿದ್ರೆ ಇಟ್ಟದ್ದನ್ನ ತೆಗೀಲೇಬೇಕಾಗುತ್ತೆ.”

“ಜೀವಕ್ಕೇನಾದ್ರೂ...”

“ಬೇಗ ಬಂದಿದೀರಿ. ಇನ್ನೆರಡು ದಿನ ಮನೇಲೇ ಕೂತಿದ್ರೆ ಬೇರೆ ಮಾತು ಹೇಳ್ಬೇಕಾಗ್ತಿತ್ತು. ಜೊತೆಗೆ ಯಾರಿದಾರೆ?”

“ಅತ್ತಿಗೆ,” ಎಂದಳು. ಇದ್ದಾರೋ ಹೊರಟುಹೋದರೋ ಅವಳಿಗೇ ಗೊತ್ತಿರಲಿಲ್ಲ.

ಹೊಸ ಬ್ರಾ ತೊಡಿಸಿ ಕಳಿಸಿದರು. ಹೊರಗೆ ಬಂದರೆ, ಅತ್ತಿಗೆ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಕುರ್ಚಿಯಲ್ಲಿ ಕೂತಿದ್ದರು. ಅವಳ ಕಡೆ ನೋಡಲಿಲ್ಲ. ಔಷಧಿ ಚೀಟಿಗಾಗಿ ಸಿಸ್ಟರಿನತ್ತ ಕೈ ಚಾಚಿದರು.

“ಎಷ್ಟು ಗಂಟೆಗೊಂದು ಕೊಡ್ಬೇಕು? ಊಟಕ್ಕೆ ಮುಂಚೆನೋ, ಆಮೇಲೋ?”

ಮನೆ ಸೇರುವವರೆಗೆ ಅತ್ತಿಗೆಯ ಬಾಯಿಂದ ಬಂದದ್ದು ಆ ಎರಡೇ ಮಾತು, ಅದೂ ಸಿಸ್ಟರಿಗೆ. ಮನೆಗೆ ಬಂದು ಅವಳನ್ನು ಹಿಂಬದಿಯ ಕೋಣೆಯ ಕುರ್ಚಿಯಲ್ಲಿ ಕೂರಿಸಿ, ಮೊದಲ ಮಾತ್ರೆ ನುಂಗಿಸಿ, ಅಡುಗೆಮನೆಗೆ ನಡೆದರು. ಅಲ್ಲಿ ಪಾತ್ರೆಗಳು ಮಾತಾಡತೊಡಗಿದವು. ಮುಚ್ಚಳ ಧಡಾರ್ ಎಂದಿತು. ಸೌಟು ಬಿತ್ತು. ಅವಳು ಒಂದೊಂದು ಸದ್ದಿಗೂ ಬೆಚ್ಚುತ್ತ ಕೂತಿದ್ದಳು. ಜ್ವರ ಇಳಿಯಿತೋ ಏರಿತೋ ತಿಳಿಯದು. ತನ್ನ ಕೈಯೇ ಬಿಸಿಯಿರುವಾಗ ಹಣೆ ಮುಟ್ಟಿ ಏನು ತಿಳಿದೀತು? ಮೂರು ದಿನ. ನಾಳೆ, ನಾಡಿದ್ದು, ಆಚೆ ನಾಡಿದ್ದು. ಅಷ್ಟು ದಿನವನ್ನು ಈ ಮೌನದ ಮನೆಯಲ್ಲಿ ಕಳೆಯುವುದು ಹೇಗೆ?

ಸದ್ದು ನಿಂತಿತು. ಅತ್ತಿಗೆ ಬಾಗಿಲಿಗೆ ಬಂದು ನಿಂತರು. ಕೈ ಒದ್ದೆಯಿತ್ತು.

“ನಿಜ ಹೇಳಿದ್ರೆ ನಾನು ಬೇಡ ಅಂತಿದ್ನಾ?”

“ಗೊತ್ತಿಲ್ಲ ಅತ್ತಿಗೆ. ನಗ್ತೀರಿ ಅಂದ್ಕೊಂಡೆ.”

ಅತ್ತಿಗೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು.

“ನಗ್ತಿದ್ದೆ,” ಎಂದರು. “ಒಂದು ದಿನ ನಗ್ತಿದ್ದೆ. ಆಮೇಲೆ ಜೊತೆಗೆ ಬರ್ತಿದ್ದೆ.”

“ನಂಗೆ ಹೆದರಿಕೆ ಆಗ್ತಿದೆ ಅತ್ತಿಗೆ.”

“ನಂಗಿಲ್ವಾ?” ಎಂದು ಗದರಿ ಅವರು ಮತ್ತೆ ಒಳಗೆ ಹೋದರು.

ಅವಳು ಕಣ್ಣು ಮುಚ್ಚಿದಳು. ಎಡಗಡೆ ಇನ್ನೂ ಮಿಡಿಯುತ್ತಲೇ ಇತ್ತು. ಅಳಲು ಹೋದರೆ ಎದೆ ಎಳೆದು ನೋವಾಗುತ್ತಿತ್ತು. ಅಳುವನ್ನೂ ಹಂಚಿ ಹಂಚಿ ಅಳಬೇಕಾಯಿತು.

ಹೆಜ್ಜೆಯ ಸದ್ದಾಯಿತು. ಅತ್ತಿಗೆಯ ಕೈಯಲ್ಲಿ ತಟ್ಟೆಯಿತ್ತು: ಮೆತ್ತಗೆ ಬೆಂದ ಬಿಸಿ ಅನ್ನ, ಬೇಳೆ, ಒಂದಿಷ್ಟು ಬೇಯಿಸಿದ ತರಕಾರಿ, ಅಂಚಿಗೊರಗಿಸಿದ ಚಮಚ. ಅವಳು ಬಗ್ಗಬೇಕಾಗದ ಹಾಗೆ ಎತ್ತರದ ಸ್ಟೂಲೊಂದನ್ನು ಕಾಲಿನಿಂದ ಹತ್ತಿರ ತಳ್ಳಿದರು. ಆಮೇಲೆ ಏನು ನೆನೆದರೋ, ಅದರ ಮೇಲೆ ಇಡಲಿಲ್ಲ. ಅವಳು ಕಣ್ಣು ಒರೆಸಿಕೊಳ್ಳುವವರೆಗೆ ಕಾದಿದ್ದು, ತಟ್ಟೆಯನ್ನು ಅವಳ ಎರಡೂ ಕೈಗೆ ಕೊಟ್ಟರು.