ಮೊದಲ ಸಾಲಿನ ಒಳಜಾಗ

ಹೆಲ್ಮೆಟ್ಟಿನ ಗಾಜಿನಾಚೆ ಮುಂದಿನ ಬೈಕಿನ ಹೊಗೆ, ಹೊಗೆಯಾಚೆ ಬೆನ್ನುಗಳು, ಬರೀ ಬೆನ್ನುಗಳು, ಬಿಳಿಗೆರೆ ಊರಿನ ಹೊರಗಿನ ಈ ಬೀಳುನೆಲದ ಟ್ರ್ಯಾಕಿನಲ್ಲಿ ಮಧುಶ್ರೀ ಇಷ್ಟೊಂದು ಬೆನ್ನುಗಳನ್ನು ಯಾವತ್ತೂ ಕಂಡವಳಲ್ಲ, ನಿನ್ನೆ ಶನಿವಾರದ ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿಸಿದವಳು ಅವಳೇ, ಮೊದಲ ಸಾಲಿನ ಒಳಜಾಗ ಅವಳದೇ ಆಗಿತ್ತು, ಸಂಜೆ ಎಂಜಿನ್ ಒಳಗೇ ಕಚ್ಚಿಕೊಂಡು ಸೀಜ್ ಆಗುವವರೆಗೆ — ಹೋದ ವರ್ಷವಾಗಿದ್ದರೆ ಬೇರೆ ಎಂಜಿನ್ ಕೂರಿಸಿ ಅದೇ ಜಾಗದಲ್ಲಿ ನಿಲ್ಲಬಹುದಿತ್ತು, ಈ ವರ್ಷ ಎಂಜಿನ್ ಬದಲಿಸಿದವರು ಕಟ್ಟಕಡೆಯ ಸಾಲಿಗೆ. ರೂಲ್ಸು ಚೇಂಜಾಗ್ಬುಟ್ಟದೆ ಕಣಕ್ಕ, ನಾವೇನ್ ಮಾಡಕಾದದು, ಎಂದ ತಮ್ಮ ರಾಹುಲ್, ಬೋಲ್ಟು ಬಿಗಿಮಾಡುತ್ತಾ, ಅವ್ವ ಗೋವಿಂದಮ್ಮ ಹೆಮ್ಮಿಗೆ ಊರಿಂದ ಫೋನಿನಲ್ಲಿ, ಇಂದ್ಗಡೆ ನಿಂತ್ರೆ ಏನಾಯ್ತದವ್ವ, ಒಸಿ ಧೂಳ್ ಕುಡಿತೀಯ ಅಷ್ಟೆಯ — ಅಷ್ಟೇ ಅಲ್ಲವ್ವ, ಗೆದ್ದವರನ್ನು ದೊಡ್ಡ ರೇಸಿಂಗ್ ತಂಡ ಕರೆದುಕೊಳ್ಳುತ್ತದೆ, ಕಾರ್ಖಾನೆಯ ಪಾಳಿ ಬಿಟ್ಟು ವರ್ಷವಿಡೀ ಓಡಿಸಬಹುದು, ಇದನ್ನು ಅವಳು ಹೇಳಲಿಲ್ಲ. ಅವಳ ಜಾಗದಲ್ಲಿ ಈಗ ಸುಪ್ರೀತ್, ನಂಜನಗೂಡಿನ ಅರ್ಚಕರ ಮಗ, ನಿನ್ನೆ ಎರಡನೆಯವನು, ಬೆಳಿಗ್ಗೆ ತಾನಾಗಿ ಬಂದು, ಅದು ನಿಮ್ಮ ಜಾಗ ಕಣ್ರೀ, ನಿಂತ್ಕೊಳಕ್ಕೆ ನಂಗೇ ಒಂಥರಾ ಆಗುತ್ತೆ, ಅಂದಿದ್ದ, ನಿಂತ್ಕೊಳ್ಳಿ ಬುಡಿ, ಎಂದಿದ್ದಳು ಅವನ ಮುಖ ನೋಡದೆ.

ಬಾವುಟ ಬೀಸಿದರು, ಧೂಳು ಗೋಡೆಯ ಹಾಗೆ ಎದ್ದಿತು, ಹಲ್ಲಿನ ಸಂದಿಯಲ್ಲಿ ಮಣ್ಣು, ಒಬ್ಬನನ್ನು ದಾಟಿದಳು, ಇನ್ನೊಬ್ಬನನ್ನು, ಮೊದಲ ತಿರುವಿನ ಒಳಬದಿಗೆ ಟ್ಯಾಂಕರಿನವರು ಧೂಳಡಗಲೆಂದು ನೀರು ಜಾಸ್ತಿ ಬಿಟ್ಟಿದ್ದಾರೆ, ಕೆಸರು, ಕೆಸರಿನಲ್ಲಿ ಸುಪ್ರೀತ್, ಅವನ ಕಾಲಿನ ಮೇಲೆ ಬೈಕು, ಹಿಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತಲೇ ಇದೆ — ಹಳದಿ ಬಾವುಟ, ಹಳದಿ ಕಂಡರೆ ಯಾರೂ ಯಾರನ್ನೂ ದಾಟುವಂತಿಲ್ಲ, ದಾಟಿದವರಿಗೆ ಈ ವರ್ಷದಿಂದ ಸಮಯದ ದಂಡ, ಅವಳು ವೇಗ ಇಳಿಸಿದಳು, ಇಬ್ಬರು ಧೂಳಿನ ಮರೆಯಲ್ಲಿ ಅವಳನ್ನು ಸವರಿಕೊಂಡೇ ನುಗ್ಗಿದರು, ಯಾರಿಗೆ ಕಾಣುತ್ತದೆ ಈ ಧೂಳಿನಲ್ಲಿ, ನೀನೂ ನುಗ್ಗು, ಅಂಗೈ ಆಕ್ಸಿಲರೇಟರ್ ತಿರುಚಲು ಹವಣಿಸುತ್ತದೆ, ತಿರುಚಲಿಲ್ಲ, ಮುಂದಿನ ಸುತ್ತಿಗೆ ಬರುವಷ್ಟರಲ್ಲಿ ಅವನನ್ನು ಹೊತ್ತೊಯ್ದಿದ್ದರು, ಬೈಕನ್ನು ಬದಿಗೆಳೆದಿದ್ದರು, ಚಕ್ರ ನಿಂತಿತ್ತು, ಅವಳ ಕಣ್ಣೊಳಗೆ ನಿಂತಿರಲಿಲ್ಲ.

ಒಬ್ಬೊಬ್ಬರನ್ನೇ ಹಿಂದಿಕ್ಕಿ ಮೂರನೆಯವಳಾಗಿ ಗೆರೆ ದಾಟಿದಳು, ಆ ಇಬ್ಬರನ್ನು ಮಾತ್ರ ಹಿಡಿಯಲಾಗಲಿಲ್ಲ, ಟೆಂಟಿನಲ್ಲಿ ಕೈಗವಸು ಕಳಚುತ್ತಿರುವಾಗ ಮೈಕು ಕೂಗುತ್ತದೆ, ಹಳದಿ ಬಾವುಟ ಮೀರಿದ ಇಬ್ಬರಿಗೆ ದಂಡ, ಪ್ರಥಮ ಸ್ಥಾನ ಮಧುಶ್ರೀ, ರಾಹುಲ್ ಓಡಿ ಬರುತ್ತಾನೆ, ಗೆದ್ಬುಟ್ಟೆ ಕಣಕ್ಕ, ನೆನ್ನೆ ಕೆಡಿಸಿದ ರೂಲ್ಸೇ ಇವತ್ತು ಗೆಲ್ಲುಸ್ತು, ಸುಪ್ರೀತ್ ಎಲ್ಲವ್ನೊ, ಎಂದು ಅವಳು ಕೇಳುತ್ತಾಳೆ, ಮೈಸೂರ್‍ಗೆ ಕರ್ಕೊಂಡೋದ್ರು, ಮಂಡಿ ಪುಡಿಯಾಗ್ಬುಟ್ಟದಂತೆ, ಇನ್ಮೇಕೆ ಬೈಕ್ ಓಡ್ಸದು ಡೌಟಂತೆ. ಆ ಒಳಜಾಗದಿಂದ ಹೊರಟವರು ಆ ಕೆಸರಿಗೇ ಹೋಗಬೇಕು, ಬೇರೆ ದಾರಿಯಿಲ್ಲ, ಎಂಜಿನ್ ಕೆಡದಿದ್ದರೆ ಅವಳು, ಹೋದ ವರ್ಷದ ರೂಲ್ಸೇ ಇದ್ದಿದ್ದರೆ ಅವಳು — ಫೋನು ಅದುರುತ್ತಿದೆ, ಅವ್ವ, ದೊಡ್ಡ ತಂಡದವರು ಇತ್ತಲೇ ಬರುತ್ತಿದ್ದಾರೆ, ಕೈ ಒರೆಸಿಕೊಳ್ಳಬೇಕು, ಎದ್ದು ನಿಲ್ಲಬೇಕು, ನಗಬೇಕು, ಮತ್ತೆ ಚಕ್ರ, ಆಸನದ ಮೇಲೆ ಯಾರೂ ಇಲ್ಲದ ಬೈಕಿನ ಹಿಂದಿನ ಚಕ್ರ, ಕೆಸರು ಸಿಡಿಸುತ್ತಾ, ತಿರುಗುತ್ತಾ