ಮೊಣಕೈಯಷ್ಟೇ ಉಳಿದ ಭೀಮಶಿ

ಪ್ರಶಸ್ತಿ ಪಡೆದ ಆ ಛಾಯಾಚಿತ್ರದ ಎಡ ಅಂಚಿನಲ್ಲಿ ಕಾಣುವ ಬೂದುಬಣ್ಣದ ಮೊಣಕೈ ತನ್ನದೆಂದು ರಾಮದುರ್ಗದ ಸ್ಟುಡಿಯೋ ಭೀಮಶಿ ಇಂದಿಗೂ ಬಂದವರಿಗೆಲ್ಲ ತೋರಿಸುತ್ತಾನೆ. ತೋರಿಸಿದ ಮೇಲೆ ಸಿಟ್ಟಿಗೇಳುತ್ತಾನೆ. ಚಿತ್ರದ ನಟ್ಟನಡುವೆ, ಸವದತ್ತಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ, ಬಾಯಿಗೆ ಸೆರಗು ಹಿಡಿಯುವುದನ್ನೂ ಮರೆತು ನಗುತ್ತಿರುವವಳು ಅವನ ಹೆಂಡತಿ ಉಮಾಶ್ರೀ. ತೆಗೆದವನು ಬೈಲಹೊಂಗಲದ ಬೀದಿ ಛಾಯಾಗ್ರಾಹಕ ಮುಕುಂದ.

ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಕತ್ತಲಕೋಣೆಯಲ್ಲಿ ಕಸುಬು ಕಲಿತ ಭೀಮಶಿ ಬಿರುಬೇಸಗೆಯಲ್ಲೂ ಮೈತುಂಬ ಕಿಸೆಗಳಿರುವ ಆ ಬೂದುಬಣ್ಣದ ಕೋಟನ್ನು ಕಳಚಿದವನಲ್ಲ. ನಡೆದರೆ ಎಡಭುಜ ವಾಲುತ್ತದೆ, ಕ್ಯಾಮೆರಾ ಇಲ್ಲದ ದಿನವೂ ಅದರ ಭಾರ ಹೊತ್ತಂತೆ. ವಧೂವರರಿಗೂ ಮುದುಕರಿಗೂ ಅವನದು ಒಂದೇ ಆಜ್ಞೆ: "ಜರಾ ನಗ್ರಿ." ತಾಲೂಕೆಲ್ಲ ಅದಕ್ಕೆ ವಿಧೇಯವಾಗಿ ಹಲ್ಲು ತೋರಿಸಿದೆ, ಉಮಾಶ್ರೀ ಮಾತ್ರ ಅವನ ಲೆನ್ಸಿನೆದುರು ಸದಾ ರೇಷನ್ ಕಾರ್ಡಿನ ಮುಖ ಹೊತ್ತು ಕೂತವಳು. ಅಂಥವಳು ಮುಕುಂದನಿಗೆ ನಕ್ಕಳಲ್ಲ ಎಂಬ ಮತ್ಸರ ಅವನ ಎದೆಯಲ್ಲಿ ಹಸಿ ಕಟ್ಟಿಗೆಯಂತೆ ಹೊಗೆಯಾಡಿತು.

ಮುಕುಂದನ ಬೀದಿಚಿತ್ರಗಳ ಸಹಜತೆಯನ್ನು ಜನ ಕೊಂಡಾಡಿದಷ್ಟೂ, "ಎಲ್ಲಾ ನಾಟಕ. ಹೇಳಿ ನಗಿಸ್ಯಾನ" ಎಂದು ಇವನು ಸಾರಿದ. ಹೆಂಡತಿಯನ್ನು ಕೇಳಲು ಮಾತ್ರ ಧೈರ್ಯ ಸಾಲಲಿಲ್ಲ. ಹೇಳಿಸಿಕೊಂಡು ನಕ್ಕಿದ್ದರೆ ಅದು ಪರರ ಮಾತಿಗೆ ಒಲಿದ ನಗು. ಹೇಳದೆಯೇ ನಕ್ಕಿದ್ದರೆ ಇನ್ನೂ ಕಷ್ಟ. ಆ ಗಳಿಗೆಯಲ್ಲಿ ಅವನು ಪಕ್ಕದಲ್ಲೇ ಇದ್ದನಾದರೂ ಬೆನ್ನು ತಿರುಗಿಸಿ, ಪೇರಲಹಣ್ಣಿನ ಮಾಳಪ್ಪನೊಡನೆ ದರದ ಜಗಳದಲ್ಲಿ ಮುಳುಗಿದ್ದ. ಕೊನೆಗೊಂದು ದಿನ ಸವದತ್ತಿಗೆ ಹೋಗಿ ಆ ಮಾಳಪ್ಪನನ್ನೇ ಹಿಡಿದ.

"ಮುಕುಂದ ನಮ್ಮಾಕಿಗೆ ನಗು ಅಂತ ಹೇಳಿದ್ನೋ ಇಲ್ಲೋ? ಖರೇ ಹೇಳು."

"ಅಕ್ಕಾರಿಗೆ ಏನೂ ಹೇಳಲಿಲ್ರಿ," ಮಾಳಪ್ಪ ಹಣ್ಣಿಗೆ ನೀರು ಚಿಮುಕಿಸುತ್ತ ಅಂದ. "ಮುಕುಂದ ಸಾಹೇಬ್ರು ನಿಮ್ಮ ಹಿಂದ ನಿಂತು ನನಗ ಕೈಸನ್ನಿ ಮಾಡಿದ್ರು, ದರಾ ಇಳಸಬ್ಯಾಡ, ಇನ್ನ ಜರಾ ಬೈಸ್ಕೋ ಅಂತ. ನೀವೂ ಭಾಳ ಛಲೋ ಬೈದ್ರಿ ಬಿಡ್ರಿ."

ಮನೆಗೆ ಬಂದವನು ಹೆಂಡತಿಯೆದುರು ಹಾಗೆಯೇ ನಿಂತ. "ಅವತ್ತ ಯಾಕ ನಕ್ಕಿ?"

"ನೀವು ಸಿಟ್ಟಿಗೆದ್ರ ಕೋಟಿನ ಕಿಸೇನೂ ನಿಮ್ಮ ಜೋಡಿ ಕುಣೀತಾವು," ಉಮಾಶ್ರೀ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಮನ್ಯಾಗ ನಕ್ರ ನನಗ ಬೈತೀರಿ. ಅವತ್ತ ಆ ಕಡೆ ಮುಖಾ ಮಾಡಿದ್ರಿ, ನಕ್ಕೆ."

ಭೀಮಶಿ ಹೊರಗೆ ಬಂದು ಮುಕುಂದನಿಗೆ ಫೋನು ಹಚ್ಚಿದ. "ಆ ನಗಿ ನಂದು. ಮೊಣಕೈ ಬಿಟ್ಟು ನನ್ನ ಕತ್ತರಿಸಿ ತಗದೀಯಲ್ಲ, ಆ ನನ್ನ ಪಾಲಿನ ಫೋಟೋ ಕೊಡು."

"ಕೊಡೋಣಂತ ಮಾರಾಯಾ," ಅಂದ ಮುಕುಂದ, "ಹುಡಕಬೇಕು."

ಜೀವಮಾನವಿಡೀ ಪರರ ಮುಖಕ್ಕೆ ಬೆಳಕು ಹಿಡಿದವರಿಗೆ ತಾವು ಎಲ್ಲಿ ನಿಂತಿದ್ದೆವೆಂಬುದು ಕಾಣುವುದಿಲ್ಲ. ನಗುವನ್ನು ಅಪ್ಪಣೆಯಿಂದ ಬೆಳೆಯಲು ಹೋದವರ ಹೊಲದಲ್ಲಿ ಅದು ಬೆಳೆಯುವುದೂ ಇಲ್ಲ, ಅವರು ಬೆನ್ನು ತಿರುಗಿಸಿದಾಗಷ್ಟೇ ಬದುವಿನ ಮೇಲೆ ತಾನಾಗಿ ಹೂ ಬಿಡುತ್ತದೆ, ಕೊಯ್ಯುವವನು ಇನ್ನೊಬ್ಬ. ಉಮಾಶ್ರೀಯ ನಗು ಈಗ ಊರೂರ ಗೋಡೆಗಳ ಮೇಲಿದೆ. ಮೊಣಕೈಯಿಂದಾಚೆಗಿನ ಭೀಮಶಿ ಮಾತ್ರ ಬೈಲಹೊಂಗಲದಿಂದ ಇನ್ನೂ ಬಂದಿಲ್ಲ.