ಪುಡಿಯ ನೊರೆ

ಮಗಳ ಹೆರಿಗೆಗೆಂದು ಎರಡು ತಿಂಗಳು ರಜೆ ಹಾಕಿದ್ದವಳು ಅಂದು ಕೆಲಸಕ್ಕೆ ಮರಳಿದ್ದಳು. ಕೈಚೀಲವನ್ನು ಮೊಳೆಗೆ ತೂಗುಹಾಕಿ, ಎಂದಿನಂತೆ ಹಿತ್ತಲಿನ ತೊಟ್ಟಿಯಿಂದ ಪರೀಕ್ಷೆಗೆ ಒಂದು ಲೋಟ ನೀರು ಮೊಗೆದು ತಂದಳು. ಎಂಜಿನ್ ತೊಳೆಯುವ ಆ ಕಾರ್ಖಾನೆಯ ಪುಟ್ಟ ಪ್ರಯೋಗಾಲಯದಲ್ಲಿ ಅವಳಿಗೆ ಹದಿನಾರು ವರ್ಷ ಸಂದಿತ್ತು. ಡೀಸೆಲ್ ಹೀರಿ ಕಪ್ಪಾದ ಮಣ್ಣಿನಲ್ಲಿ ಆ ತೊಟ್ಟಿಯಲ್ಲಿನ ಬ್ಯಾಕ್ಟೀರಿಯಾವನ್ನು ಹುಡುಕಿ ಸಾಕಿದವಳು ಅವಳೇ. ಡೀಸೆಲನ್ನೇ ಉಂಡು, ಸಕ್ಕರೆಯೂ ಕೊಬ್ಬೂ ಬೆಸೆದ ಸೋಪಿನಂತೆ ನೊರೆಯೇಳುವ ವಸ್ತುವನ್ನು ಅದು ಹೊರಹಾಕುತ್ತಿತ್ತು. ಅದರಿಂದ ಎಣ್ಣೆ ಸಣ್ಣ ಹನಿಗಳಾಗಿ ಒಡೆದು, ಮತ್ತೆ ಅದಕ್ಕೇ ಊಟವಾಗುತ್ತಿತ್ತು. ಎಂಜಿನ್ ತೊಳೆದ ನೀರು ತೊಟ್ಟಿಯಲ್ಲಿ ಹೀಗೆ ಶುದ್ಧವಾದ ಮೇಲಷ್ಟೇ ಮೋರಿ ಸೇರಬೇಕು.

ಲೋಟದಲ್ಲಿ ನೊರೆಯೇನೋ ಇತ್ತು, ವಾಸನೆ ಮಾತ್ರ ಬೇರೆಯಾಗಿತ್ತು. ಆಮ್ಲ ಹಾಕಿದಳು. ಬ್ಯಾಕ್ಟೀರಿಯಾ ಮಾಡಿದ್ದಾದರೆ ಬಿಳಿ ಗಸಿ ತಳ ಸೇರಬೇಕಿತ್ತು. ನೀರು ಹಾಗೇ ಇತ್ತು. ಹೋಗಿ ನೋಡಿದರೆ ತೊಟ್ಟಿಗೆ ಗಾಳಿ ಊದುವ ಪಂಪಿಗೆ ಜೇಡ ಬಲೆ ಕಟ್ಟಿತ್ತು. ಉಸಿರಿಲ್ಲದೆ ಬ್ಯಾಕ್ಟೀರಿಯಾಗಳೆಲ್ಲ ಸತ್ತಿದ್ದವು. ಅವಳು ನೇರ ಮೇಸ್ತ್ರಿಯ ಬಳಿ ಹೋಗಿ ಕೇಳಿದಳು.

ಮೇಸ್ತ್ರಿ ಮುಖ ತಪ್ಪಿಸಿದ. ಕರೆಂಟು ಉಳಿಸಲು ಪಂಪು ನಿಲ್ಲಿಸಿದ್ದು, ಮಧ್ಯಾಹ್ನ ಮಾಲಿನ್ಯ ತಪಾಸಣೆಗೆ ಬರುವ ಅಧಿಕಾರಿಗೆ ನೊರೆ ತೋರಿಸಲು ಬಟ್ಟೆ ಒಗೆಯುವ ಪುಡಿ ಸುರಿದದ್ದು, ಎಲ್ಲವನ್ನೂ ಒಪ್ಪಿಕೊಂಡ. "ನಾನೇನ್ ಮಾಡ್ಲಿ ಅಕ್ಕಾ, ಧಣಿ ಹೇಳಿದ್ರು."

"ಮೋರಿ ಪಕ್ಕದ ಬಾವಿ ಯಾರದಪ್ಪಾ? ನಿಮ್ಮ ಬೀದೀದೇ ಅಲ್ವಾ?"

ಅವನು ಪುಡಿಯ ಮೂಟೆಯನ್ನು ಕಾಲಿನಿಂದ ಮೂಲೆಗೆ ತಳ್ಳಿದ.

ಧಣಿ ಅವಳನ್ನು ಕರೆಸಿ ಕುಳ್ಳಿರಿಸಿ ಮೆತ್ತಗೆ ಮಾತಾಡಿದರು. ಕೆಲಸ ಕಮ್ಮಿಯಾಗಿದೆ, ಮೂವತ್ತು ಮನೆಗಳ ಒಲೆ ಉರಿಯಬೇಕು, ಮುಂದೆ ಎಲ್ಲ ಸರಿಮಾಡೋಣ ಎಂದು, ತೊಟ್ಟಿಯ ನೀರು ಶುದ್ಧವಾಗಿದೆ ಎಂಬ ವರದಿಯನ್ನು ಮುಂದೆ ಸರಿಸಿದರು. "ನೀನು ಸಾಕಿದ್ದೇ ತಾನೇ? ಸಹಿ ಹಾಕಮ್ಮಾ."

"ನಾನು ಸಾಕಿದ್ದನ್ನ ನೀವು ಉಸಿರುಕಟ್ಟಿಸಿ ಸಾಯಿಸಿದೀರಿ ಸಾರ್. ಇದು ಅಂಗಡಿ ಪುಡಿ. ಒಲೆ ಉರಿದ್ರೂ ಅದರ ಮೇಲೆ ಇಡೋಕೆ ಒಳ್ಳೆ ನೀರು ಬೇಕಲ್ಲ?"

ಅಧಿಕಾರಿ ಬಂದಾಗ ಅವಳು ಎರಡು ಗಾಜಿನ ನಳಿಕೆಗಳನ್ನು ಮುಂದಿಟ್ಟಳು: ಒಂದರಲ್ಲಿ ರಜೆಗೆ ಮುಂಚೆ ತೆಗೆದಿಟ್ಟ ಅಸಲಿ ದ್ರವ, ಇನ್ನೊಂದರಲ್ಲಿ ತೊಟ್ಟಿಯ ನೀರು. ಎರಡಕ್ಕೂ ಆಮ್ಲ ಹಾಕಿದಳು. ಒಂದರಲ್ಲಷ್ಟೇ ಗಸಿ ಇಳಿಯಿತು. ಇವಳು ರಜೆಯಲ್ಲಿದ್ದವಳು, ಏನೂ ಗೊತ್ತಿಲ್ಲ ಎಂದು ಧಣಿ ನಕ್ಕರು. ಅಷ್ಟರಲ್ಲಿ ಮೇಸ್ತ್ರಿ ಅರ್ಧ ಖಾಲಿಯಾದ ಪುಡಿಯ ಮೂಟೆ ತಂದು ಮೇಜಿನ ಮೇಲಿಟ್ಟ.

"ಸುರಿದವನು ನಾನೇ ಸಾರ್."

ಮೋರಿಯ ಕೊಳವೆಗೆ ಸಂಜೆಯೊಳಗೆ ಬೀಗಮುದ್ರೆ ಬಿತ್ತು. ನಾಳೆ ಕೆಲಸ ಇರುತ್ತದೋ ಇಲ್ಲವೋ ಇಬ್ಬರಿಗೂ ತಿಳಿಯದು. ಮೇಸ್ತ್ರಿ ನೇರ ಬಾವಿಗೆ ನಡೆದ. ಯಾರೂ ನೀರು ಸೇದದಂತೆ ರಾಟೆಯ ಹಗ್ಗ ಬಿಚ್ಚಿ ಹೆಗಲಿಗೆ ಸುತ್ತಿಕೊಂಡು, ಕೊಡ ಹಿಡಿದು ಬಂದವರ ಮುಂದೆ ನಿಂತು, ಮೊದಲಿನಿಂದ ಎಲ್ಲವನ್ನೂ ಹೇಳತೊಡಗಿದ.